ರಿಯೊದ ಜನ ಸಿಡುಬಿನ ಲಸಿಕೆಗೆ ಯಾಕೆ ತಿರುಗಿಬಿದ್ದರು?

ಪ್ರಶ್ನೆ: 1904ರಲ್ಲಿ ಬ್ರೆಜಿಲ್ ದೇಶದ ರಿಯೊ ಡಿ ಜನೈರೊದಲ್ಲಿ ಸಿಡುಬಿನ ಲಸಿಕೆ ಬೇಡ ಅಂತ ಜನ ದಂಗೆ ಎದ್ದರು, ಟ್ರಾಮ್‌ಗಳಿಗೆ ಬೆಂಕಿ ಹಚ್ಚಿದರು ಎಂದು ಓದಿದೆ. ನಾಲ್ಕೇ ವರ್ಷಕ್ಕೆ ಅದೇ ಊರಿನವರು ಲಸಿಕೆಗಾಗಿ ಮುಗಿಬಿದ್ದರಂತೆ. ಇದು ಹೇಗೆ? ಜನಕ್ಕೆ ತಿಳಿವಳಿಕೆ ಇರಲಿಲ್ಲವಾ, ಸರ್ಕಾರದ್ದೇ ತಪ್ಪಾ? ಇನ್ನೊಂದು ಸಣ್ಣ ಪ್ರಶ್ನೆ. ನಮ್ಮ ಅಜ್ಜಿಯ ತೋಳಿನ ಮೇಲೆ ದುಂಡಗಿನ ದೊಡ್ಡ ಕಲೆ ಇದೆ. ಕೇಳಿದರೆ ‘ದಾಕು ಹಾಕಿದ್ದು’ ಅಂತಾರೆ. ನನ್ನ ತೋಳಿನ ಮೇಲೂ ಚಿಕ್ಕದೊಂದು ಕಲೆ ಇದೆ. ಎರಡೂ ಒಂದೇನಾ?

ಉತ್ತರ: ‘ಜನಕ್ಕೆ ತಿಳಿವಳಿಕೆ ಇರಲಿಲ್ಲ’ ಅಂದುಬಿಡೋದು ತುಂಬಾ ಸುಲಭ. ಆಗಿನ ಸರ್ಕಾರದ ಪರ ಇದ್ದವರೂ ಅದನ್ನೇ ಹೇಳಿದರು. ಆದರೆ ಒಂದು ಲೆಕ್ಕ ಅದಕ್ಕೆ ಹೊಂದುವುದಿಲ್ಲ. 1904ರ ಜುಲೈ ಒಂದೇ ತಿಂಗಳಲ್ಲಿ ರಿಯೊದಲ್ಲಿ ಸುಮಾರು 23,000 ಜನ ಲಸಿಕೆ ಹಾಕಿಸಿಕೊಂಡಿದ್ದರು. ಆಗ ಹೊಸ ಕಾನೂನು ಇನ್ನೂ ಬಂದಿರಲಿಲ್ಲ. ಊರಲ್ಲಿ ಸಿಡುಬು ಹಬ್ಬುತ್ತಿತ್ತು, ಜನ ತೋಳು ಚಾಚಿದರು. ಆಗಸ್ಟ್‌ನಲ್ಲಿ ಆ ಸಂಖ್ಯೆ ಸುಮಾರು 6,000ಕ್ಕೆ ಕುಸಿಯಿತು. ಒಂದೇ ತಿಂಗಳಲ್ಲಿ ಇಷ್ಟು ಜನ ದಿಢೀರಂತ ಮೂಢರಾಗಿಬಿಡುತ್ತಾರಾ? ನಡುವೆ ಆಗಿದ್ದು ಇಷ್ಟೇ. ಲಸಿಕೆ ಕಡ್ಡಾಯ ಮಾಡುವ ಮಸೂದೆ ಜೂನ್ ಕೊನೆಗೆ ಸೆನೆಟ್‌ಗೆ ಬಂತು. ಪತ್ರಿಕೆಗಳಲ್ಲಿ, ಸಭೆಗಳಲ್ಲಿ ಜಗಳ ಶುರುವಾಯಿತು.

ಹಾಗಾಗಿ ನನ್ನ ಉತ್ತರ ಇದು. ರಿಯೊದ ಬಡವರು ಸಿಟ್ಟಾದದ್ದು ಲಸಿಕೆ ಮೇಲಲ್ಲ. ಲಸಿಕೆ ಹಿಡಿದುಕೊಂಡು ಬಾಗಿಲು ತಟ್ಟುತ್ತಿದ್ದವರು ಯಾರು, ಅದಕ್ಕೆ ಮೊದಲು ಅವರು ಅದೇ ಬಾಗಿಲಿಗೆ ಯಾವ ಕೆಲಸಕ್ಕೆ ಬಂದಿದ್ದರು ಅನ್ನೋದನ್ನ ನೋಡಬೇಕು. ಪೂರ್ತಿ ಕತೆ ಅಷ್ಟೇ ಅಲ್ಲ, ಭಯವೂ ಇತ್ತು, ರಾಜಕೀಯವೂ ಇತ್ತು. ಅವಕ್ಕೂ ಬರುತ್ತೇನೆ.

ಮೊದಲು ರೋಗದ ಬಗ್ಗೆ ನಾಲ್ಕು ಮಾತು. ಸಿಡುಬನ್ನು ಕಣ್ಣಾರೆ ಕಂಡವರು ಈಗ ಕಡಿಮೆ. ವೈರಸ್ ಒಳಗೆ ಹೋದ ಮೇಲೆ ಸುಮಾರು ಹನ್ನೆರಡು ದಿನ ಏನೂ ಗೊತ್ತಾಗುವುದಿಲ್ಲ. ಆಮೇಲೆ ಜೋರು ಜ್ವರ, ಸೊಂಟ ನೋವು. ಎರಡು ಮೂರು ದಿನ ಬಿಟ್ಟು ಮುಖ, ಕೈ, ಕಾಲಿನ ಮೇಲೆ ಗುಳ್ಳೆ ಏಳುತ್ತವೆ. ಅವು ಕೀವು ತುಂಬಿ, ಹೆಕ್ಕಳೆಗಟ್ಟಿ ಉದುರುವ ಹೊತ್ತಿಗೆ ಮೂರು ನಾಲ್ಕು ವಾರ. ಲಸಿಕೆ ಇಲ್ಲದವರಿಗೆ ತೀವ್ರ ಬಗೆಯ ಸಿಡುಬು ಬಂದರೆ ಹತ್ತರಲ್ಲಿ ಮೂವರು ಸಾಯುತ್ತಿದ್ದರು. ಉಳಿದವರಿಗೆ ಮುಖದ ಮೇಲೆ ಕುಳಿ. ಕೆಲವರಿಗೆ ಕಣ್ಣೇ ಹೋಗುತ್ತಿತ್ತು. ಔಷಧಿ ಇರಲಿಲ್ಲ. ಒಮ್ಮೆ ಬಂದು ಉಳಿದವರಿಗೆ ಮತ್ತೆ ಬರುವುದು ತೀರಾ ಅಪರೂಪ. ಪ್ರಾಣಿಗಳಲ್ಲಿ ಈ ವೈರಸ್ ಇರುವುದಿಲ್ಲ, ಮನುಷ್ಯನಿಂದ ಮನುಷ್ಯನಿಗೆ ಮಾತ್ರ ದಾಟುತ್ತದೆ. ಈ ಕೊನೆಯ ಎರಡು ಸಂಗತಿ ನೆನಪಿಟ್ಟುಕೊಳ್ಳಿ, 1908ರ ಕತೆಗೆ ಬೇಕಾಗುತ್ತದೆ.

ಲಸಿಕೆ ಬ್ರೆಜಿಲ್‌ಗೆ ಹೊಸದೇನೂ ಆಗಿರಲಿಲ್ಲ. ಅದು ಅಲ್ಲಿಗೆ ಬಂದದ್ದು 1804ರಲ್ಲಿ, ನಮ್ಮ ದಂಗೆಗೆ ಸರಿಯಾಗಿ ನೂರು ವರ್ಷ ಮೊದಲು. ಬಂದ ರೀತಿ ಕೇಳಿದರೆ ಹೊಟ್ಟೆ ತೊಳಸುತ್ತದೆ. ಬಾಯಿಯಾ ಪ್ರಾಂತ್ಯದಿಂದ ಗುಲಾಮ ಮಕ್ಕಳನ್ನು ಲಿಸ್ಬನ್‌ಗೆ ಕಳಿಸಿದರು. ವಾಪಸು ಬರುವ ಹಡಗಿನಲ್ಲಿ ಒಬ್ಬ ಹುಡುಗನ ತೋಳಿನ ಗುಳ್ಳೆಯಿಂದ ರಸ ತೆಗೆದು ಇನ್ನೊಬ್ಬನಿಗೆ, ಅವನಿಂದ ಮತ್ತೊಬ್ಬನಿಗೆ ಹಾಕುತ್ತಾ ಅದನ್ನು ಜೀವಂತವಾಗಿ ಊರು ಮುಟ್ಟಿಸಿದರು. ತೋಳಿನಿಂದ ತೋಳಿಗೆ ಹಾಕುವ ಈ ಪದ್ಧತಿ ಹತ್ತೊಂಬತ್ತನೇ ಶತಮಾನದ ಬಹುಪಾಲು ನಡೆಯಿತು. ಅದರಲ್ಲಿ ಒಂದು ನಿಜವಾದ ಅಪಾಯ ಇತ್ತು. ರಸ ಕೊಟ್ಟವರಿಗೆ ಮೇಹರೋಗ, ಅಂದರೆ ಸಿಫಿಲಿಸ್ ಇದ್ದರೆ ಅದೂ ಜೊತೆಗೆ ದಾಟಬಹುದಿತ್ತು. ‘ಲಸಿಕೆಯಿಂದ ರೋಗ ಬರುತ್ತೆ’ ಎಂಬ ಹಳೆಯ ಮಾತು ಪೂರಾ ಸುಳ್ಳಲ್ಲ ಅಂತ ಇದಕ್ಕೇ ಹೇಳೋದು.

1887ರ ಹೊತ್ತಿಗೆ ರಿಯೊದಲ್ಲಿ ಕರುವಿನ ಮೈಮೇಲೆ ಲಸಿಕೆ ಬೆಳೆಸುವುದು ಶುರುವಾಯಿತು. (ಲಸಿಕೆಯಲ್ಲಿ ಇರುವುದು ಸಿಡುಬಿನ ವೈರಸ್ ಅಲ್ಲ, ಅದಕ್ಕೆ ಹತ್ತಿರದ ಸೌಮ್ಯ ವೈರಸ್. ಅದು ಕರುವಿನಲ್ಲೂ ಬೆಳೆಯುತ್ತದೆ.) ಬ್ಯಾರನ್ ಪೆಡ್ರೊ ಅಫೊನ್ಸೊ ಎಂಬ ವೈದ್ಯರು ಇದರ ಮುಂದಾಳು. ಕರುವಿನ ಚರ್ಮ ಗೀರಿ, ಎದ್ದ ಗುಳ್ಳೆಗಳನ್ನು ಕೆರೆದು ತೆಗೆದು, ಗ್ಲಿಸರಿನ್ ಜೊತೆ ಅರೆದು ಗಾಜಿನ ಕೊಳವೆಗೆ ತುಂಬುತ್ತಿದ್ದರು. ಮನುಷ್ಯರ ರೋಗ ದಾಟುವ ಭಯ ಇದರಿಂದ ತಪ್ಪಿತು. ಕಡ್ಡಾಯವೂ ಹೊಸದಲ್ಲ. ಮಕ್ಕಳಿಗೆ 1837ರಿಂದ, ದೊಡ್ಡವರಿಗೆ 1846ರಿಂದ ಲಸಿಕೆ ಕಡ್ಡಾಯ ಅಂತ ಕಾಗದದ ಮೇಲೆ ಇತ್ತು. ಯಾರೂ ಜಾರಿ ಮಾಡಲಿಲ್ಲ, ಯಾರೂ ಗಲಾಟೆ ಮಾಡಲಿಲ್ಲ.

ಹಾಗಾದರೆ 1904ರಲ್ಲಿ ಏನು ಬದಲಾಗಿತ್ತು? ಊರೇ ಬದಲಾಗುತ್ತಿತ್ತು.

ರಿಯೊ ಆಗ ಬ್ರೆಜಿಲ್‌ನ ರಾಜಧಾನಿ. 1872ರಲ್ಲಿ ಅಲ್ಲಿ ಮೂರು ಲಕ್ಷಕ್ಕಿಂತ ಕಡಿಮೆ ಜನ ಇದ್ದರು. 1906ರ ಗಣತಿಗೆ ಎಂಟು ಲಕ್ಷ ದಾಟಿದರು. 1888ರಲ್ಲಿ ಗುಲಾಮಗಿರಿ ರದ್ದಾಗಿತ್ತು. ಬಿಡುಗಡೆಯಾದವರು, ಹಳ್ಳಿಯಿಂದ ಬಂದವರು, ಪೋರ್ಚುಗಲ್ ಕಡೆಯಿಂದ ಹಡಗು ಇಳಿದವರು ಎಲ್ಲರೂ ಊರ ನಡುವಿನ ಹಳೆಯ ದೊಡ್ಡ ಮನೆಗಳಲ್ಲಿ, ಒಂದೊಂದು ಕೋಣೆಗೆ ಒಂದೊಂದು ಸಂಸಾರ ಎಂಬಂತೆ ತುಂಬಿಕೊಂಡಿದ್ದರು. ಬೆಂಗಳೂರಿನ ಹಳೇ ವಠಾರ ನೋಡಿದವರಿಗೆ ಚಿತ್ರ ಸಿಗುತ್ತದೆ, ಅದರ ಹತ್ತು ಪಟ್ಟು ಇಕ್ಕಟ್ಟು ಅಂದುಕೊಳ್ಳಿ. ಹಳದಿ ಜ್ವರ, ಪ್ಲೇಗು, ಸಿಡುಬು ಮೂರೂ ಆ ಊರನ್ನು ಕಾಡುತ್ತಿದ್ದವು. ವಿದೇಶಿ ಹಡಗುಗಳು ಆ ಬಂದರಿಗೆ ಬರಲು ಹೆದರುತ್ತಿದ್ದವು. ಕಾಫಿ ಮಾರಿ ಬದುಕುವ ದೇಶಕ್ಕೆ ಇದು ಹೊಟ್ಟೆಪಾಡಿನ ಪ್ರಶ್ನೆ.

1902ರ ನವೆಂಬರ್‌ನಲ್ಲಿ ಅಧ್ಯಕ್ಷರಾದ ರೊಡ್ರಿಗ್ಸ್ ಆಲ್ವೆಸ್ ರಾಜಧಾನಿಯನ್ನೇ ಹೊಸದು ಮಾಡುತ್ತೇನೆ ಅಂತ ಹೊರಟರು. ಮೇಯರ್ ಆಗಿ ಪೆರೇರಾ ಪಾಸೊಸ್ ಎಂಬ ಎಂಜಿನಿಯರ್‌ಗೆ ವಿಶೇಷ ಅಧಿಕಾರ ಕೊಟ್ಟರು. ಪಾಸೊಸ್ ಯುವಕನಾಗಿದ್ದಾಗ ಪ್ಯಾರಿಸ್‌ನಲ್ಲಿ ಓದಿ, ಅಲ್ಲಿ ಹಳೇ ಓಣಿಗಳನ್ನು ಒಡೆದು ಅಗಲ ರಸ್ತೆ ಮಾಡಿದ್ದನ್ನು ಕಂಡಿದ್ದ ಮನುಷ್ಯ. ರಿಯೊದ ನಡುವೆ 33 ಮೀಟರ್ ಅಗಲದ, ಸುಮಾರು 1,800 ಮೀಟರ್ ಉದ್ದದ ರಸ್ತೆ ಹಾಕಲು ನೂರಾರು ಕಟ್ಟಡ ಕೆಡವಿದರು. ಅಲ್ಲಿದ್ದ ಬಾಡಿಗೆದಾರರಿಗೆ ಬೇರೆ ಮನೆ ಕಟ್ಟಿಕೊಡುವ ಯೋಚನೆ ಯಾರಿಗೂ ಬರಲಿಲ್ಲ. ಬಾಡಿಗೆ ಏರಿತು. ಕೆಲವರು ದೂರದ ಹೊರವಲಯಕ್ಕೆ ಹೋದರು, ಕೆಲವರು ಹತ್ತಿರದ ಗುಡ್ಡ ಹತ್ತಿ ಹಲಗೆ, ತಗಡಿನ ಗುಡಿಸಲು ಹಾಕಿಕೊಂಡರು. ಈಗ ಜಗತ್ತಿಗೆಲ್ಲ ಗೊತ್ತಿರುವ ರಿಯೊದ ಫವೇಲಾಗಳು, ಅಂದರೆ ಗುಡ್ಡದ ಮೇಲಿನ ಕೊಳೆಗೇರಿಗಳು, ಬೆಳೆದದ್ದು ಹೀಗೂ ಹೌದು. ಇದರ ಜೊತೆಗೆ ಬೀದಿಯ ಮೇಲೂ ನಿಷೇಧ ಬಂದವು. ಹಸುವನ್ನು ಮನೆ ಬಾಗಿಲಿಗೆ ಹೊಡೆದುಕೊಂಡು ಹೋಗಿ ಹಾಲು ಕರೆದು ಮಾರುವಂತಿಲ್ಲ, ಟ್ರಾಮ್‌ನಲ್ಲಿ ಉಗುಳುವಂತಿಲ್ಲ, ಮಾಂಸ ನೇತುಹಾಕಿಕೊಂಡು ಬೀದಿಯಲ್ಲಿ ಮಾರುವಂತಿಲ್ಲ. ಒಂದೊಂದಾಗಿ ನೋಡಿದರೆ ತಪ್ಪೇನಿಲ್ಲ ಅನಿಸುತ್ತದೆ. ಆದರೆ ಬೀದಿಯಲ್ಲೇ ದುಡಿದು ತಿನ್ನುವವರಿಗೆ ಎಲ್ಲವೂ ಒಟ್ಟಿಗೆ ಬಂದು ಎರಗಿದವು.

ಆರೋಗ್ಯ ಇಲಾಖೆಗೆ 1903ರ ಮಾರ್ಚ್‌ನಲ್ಲಿ ಬಂದವರು ಓಸ್ವಾಲ್ಡೊ ಕ್ರೂಜ್. ವಯಸ್ಸು ಇನ್ನೂ ಮೂವತ್ತು. ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯಲ್ಲಿ ಕಲಿತು ಬಂದ ಸೂಕ್ಷ್ಮಜೀವಿ ತಜ್ಞ. ಈ ಮನುಷ್ಯನ ವಿಜ್ಞಾನದಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಹಳದಿ ಜ್ವರ ಸೊಳ್ಳೆಯಿಂದ ಬರುತ್ತದೆ ಅಂತ ಕ್ಯೂಬಾದಲ್ಲಿ ಗೊತ್ತಾಗಿ ಮೂರು ವರ್ಷವೂ ಆಗಿರಲಿಲ್ಲ. ದೊಡ್ಡ ದೊಡ್ಡ ವೈದ್ಯರು ನಗುತ್ತಿದ್ದರು. ಕ್ರೂಜ್ ಮಾತ್ರ ಸೊಳ್ಳೆ ಕೊಲ್ಲುವ ದಳ ಕಟ್ಟಿ ಬೀದಿಗಿಳಿಸಿದರು. ವರ್ಷಕ್ಕೆ ನೂರಾರು ಇದ್ದ ಹಳದಿ ಜ್ವರದ ಸಾವು 1904ರಲ್ಲಿ ಐವತ್ತರ ಆಸುಪಾಸಿಗೆ ಇಳಿಯಿತು. ಪ್ಲೇಗಿಗೆ ಇಲಿ ಕೊಳ್ಳುವ ಯೋಜನೆ ತಂದರು, ಸತ್ತ ಇಲಿಗೆ ದುಡ್ಡು. ಕೆಲವು ಚತುರರು ಮನೆಯಲ್ಲೇ ಇಲಿ ಸಾಕಿ ತಂದು ಮಾರಿದರು! ಯಾವ ದೇಶವಾದರೇನು, ಅಲ್ವಾ?

ಆದರೆ ಸೊಳ್ಳೆ ದಳ ಕೆಲಸ ಮಾಡುತ್ತಿದ್ದ ರೀತಿ ನೋಡಿ. ನೌಕರರು ಮನೆಗೆ ನುಗ್ಗಿ ನೀರಿನ ತೊಟ್ಟಿ ಖಾಲಿ ಮಾಡಿಸುತ್ತಿದ್ದರು. ಮನೆಯವರನ್ನು ಹೊರಗೆ ನಿಲ್ಲಿಸಿ, ಬಾಗಿಲು ಕಿಟಕಿ ಮುಚ್ಚಿ, ಒಳಗೆ ಗಂಧಕದ ಹೊಗೆ ಹಾಕುತ್ತಿದ್ದರು. ವಾಸಕ್ಕೆ ಯೋಗ್ಯವಲ್ಲ ಅಂತ ಬರೆದುಕೊಟ್ಟರೆ ಆ ಮನೆ ಮುಚ್ಚಬೇಕು, ಇಲ್ಲವೇ ಕೆಡವಬೇಕು. ಇಲಾಖೆಯವರು ಬಾಗಿಲಿಗೆ ಬಂದರೆ ಏನೋ ಒಂದು ಕಳೆದುಕೊಳ್ಳುತ್ತೇವೆ ಅನ್ನೋದು ಬಡವರಿಗೆ ಅನುಭವದಿಂದ ಗೊತ್ತಾಗಿತ್ತು. ಅದೇ ಇಲಾಖೆ ಈಗ ಸೂಜಿ ಹಿಡಿದು ಬರುತ್ತೇನೆ ಅಂದಿತು.

ಕಾನೂನು 1904ರ ಅಕ್ಟೋಬರ್ 31ರಂದು ಜಾರಿಯಾಯಿತು. ಕಾನೂನಿನಲ್ಲಿ ಇದ್ದದ್ದು ಲಸಿಕೆ ಕಡ್ಡಾಯ ಎಂಬ ಮಾತು ಮಾತ್ರ. ಹೇಗೆ ಅನ್ನೋದನ್ನು ನಿಯಮಾವಳಿಗೆ ಬಿಟ್ಟಿದ್ದರು. ಆ ನಿಯಮದ ಕರಡು ನವೆಂಬರ್ ಎರಡನೇ ವಾರದಲ್ಲಿ ಪತ್ರಿಕೆಗೆ ಸೋರಿತು. ಮಗುವನ್ನು ಶಾಲೆಗೆ ಸೇರಿಸಲು ಲಸಿಕೆ ಪತ್ರ ಬೇಕು. ಕೆಲಸಕ್ಕೆ ಸೇರಲು ಬೇಕು. ಹೋಟೆಲಿನಲ್ಲಿ ಉಳಿಯಲು, ಪ್ರಯಾಣ ಮಾಡಲು, ಮದುವೆಯಾಗಲೂ ಬೇಕು. ಪತ್ರ ಇಲ್ಲದವನಿಗೆ ಊರಲ್ಲಿ ಬದುಕೇ ಇಲ್ಲ ಎಂಬಂತೆ ಆಯಿತು.

ಈ ಜಾಗದಲ್ಲಿ ಸ್ವಲ್ಪ ನಿಂತು ಬೇರೆ ಊರು ನೋಡೋಣ. ಹೆಚ್ಚುಕಡಿಮೆ ಅದೇ ಕಾಲಕ್ಕೆ, 1901ರಿಂದ 1903ರವರೆಗೆ ಅಮೆರಿಕದ ಬಾಸ್ಟನ್‌ನಲ್ಲೂ ಸಿಡುಬು ಹಬ್ಬಿತು. 1,596 ಜನಕ್ಕೆ ತಗುಲಿ 270 ಜನ ಸತ್ತರು. ಅಲ್ಲೂ ಲಸಿಕೆ ಕಡ್ಡಾಯ ಮಾಡಿದರು, ಅಲ್ಲೂ ವಿರೋಧ ಇತ್ತು. ಆದರೆ ಒಲ್ಲೆ ಅಂದವರಿಗೆ 5 ಡಾಲರ್ ದಂಡ. ಪಕ್ಕದ ಕೇಂಬ್ರಿಜ್ ಊರಿನ ಹೆನಿಂಗ್ ಜೇಕಬ್‌ಸನ್ ಎಂಬ ಪಾದ್ರಿ ಲಸಿಕೆಗೂ ಒಪ್ಪಲಿಲ್ಲ, ದಂಡ ಕಟ್ಟಲೂ ಒಪ್ಪಲಿಲ್ಲ, ಸುಪ್ರೀಂ ಕೋರ್ಟ್‌ವರೆಗೆ ಹೋದರು. 1905ರ ಫೆಬ್ರವರಿಯಲ್ಲಿ ಕೋರ್ಟು ಅವರ ವಿರುದ್ಧ ತೀರ್ಪು ಕೊಟ್ಟಿತು. ಊರಿನ ಆರೋಗ್ಯಕ್ಕಾಗಿ ಇಂಥ ಕಾನೂನು ಮಾಡಬಹುದು ಅಂತ ಒಪ್ಪಿತು. ಬಾಸ್ಟನ್ ಏನೂ ದೊಡ್ಡ ಮನಸ್ಸಿನ ಊರಲ್ಲ. ಮನೆಯಿಲ್ಲದವರು ಮಲಗುವ ಅಗ್ಗದ ವಸತಿಗಳಿಗೆ ರಾತ್ರಿ ಪೊಲೀಸರ ಜೊತೆ ನುಗ್ಗಿ, ಹಿಡಿದು ಮಲಗಿಸಿ ಲಸಿಕೆ ಹಾಕಿದ್ದೂ ಅಲ್ಲಿ ನಡೆದಿದೆ. ಆದರೂ ಸಾಮಾನ್ಯ ಕೂಲಿಯವನಿಗೆ ಕೋರ್ಟು, ದಂಡ ಎಂಬ ಒಂದು ಬಾಗಿಲಾದರೂ ತೆರೆದಿತ್ತು. ರಿಯೊದ ಕರಡಿನಲ್ಲಿ ಬಡವನಿಗೆ ಅಂಥ ಬಾಗಿಲು ಕಾಣಲಿಲ್ಲ.

ಈಗ ಭಯದ ವಿಷಯ. ಲಸಿಕೆಯನ್ನು ತೋಳಿಗೇ ಹಾಕುತ್ತಿದ್ದರು. ಆದರೆ ಸಭೆಗಳಲ್ಲಿ ಭಾಷಣಕಾರರು ಬೇರೆಯದೇ ಹೇಳಿದರು. ಗಂಡ ಕೆಲಸಕ್ಕೆ ಹೋದಾಗ ಯಾರೋ ಅಪರಿಚಿತ ಮನೆಗೆ ಬರುತ್ತಾನೆ, ಹೆಂಡತಿ ಮಗಳ ಬಟ್ಟೆ ಸರಿಸುತ್ತಾನೆ, ತೊಡೆಗೆ ಚುಚ್ಚುತ್ತಾನೆ ಅಂದರು. ಸುಳ್ಳೇ. ಆದರೆ ತುಂಬಾ ಜಾಣ ಸುಳ್ಳು. ಕೋಪವಿದ್ದ ಕೂಲಿಯವನಿಗೆ ಅದು ಮಾನದ ಪ್ರಶ್ನೆಯಾಯಿತು. ನಮ್ಮಲ್ಲಿ ಇದಕ್ಕೆ ತೀರಾ ಹತ್ತಿರದ ಉದಾಹರಣೆ ಇದೆ. 1897ರಲ್ಲಿ ಪುಣೆಯಲ್ಲಿ ಪ್ಲೇಗ್ ತಪಾಸಣೆಗೆ ಸೈನಿಕರನ್ನು ಮನೆಯೊಳಗೆ, ಅಡುಗೆಮನೆ ದೇವರಮನೆವರೆಗೆ ನುಗ್ಗಿಸಿದರು. ಹೆಂಗಸರನ್ನು ತಪಾಸಣೆ ಮಾಡುವ ರೀತಿಗೆ ಊರೇ ಕುದಿಯಿತು. ಅಲ್ಲಿನ ಪ್ಲೇಗ್ ಸಮಿತಿಯ ಮುಖ್ಯಸ್ಥ, ಬ್ರಿಟಿಷ್ ಅಧಿಕಾರಿ ರ‍್ಯಾಂಡ್‌ಗೆ ಜೂನ್ 22ರ ರಾತ್ರಿ ಗುಂಡು ಬಿತ್ತು. ಮರುವರ್ಷ ಮೈಸೂರು ಸಂಸ್ಥಾನದಲ್ಲಿ, ಶ್ರೀರಂಗಪಟ್ಟಣದ ಹತ್ತಿರದ ಗಂಜಾಮ್‌ನಲ್ಲೂ ಪ್ಲೇಗ್ ಕ್ರಮಗಳ ವಿರುದ್ಧ ದೊಂಬಿ ಆಯಿತು. ಅಲ್ಲಿ ಲಸಿಕೆಯ ಮಾತೇ ಇರಲಿಲ್ಲ ನೋಡಿ. ಮನೆಯ ಹೊಸಿಲು ದಾಟಿದ್ದು ಸಾಕಾಯಿತು.

ನಂಬಿಕೆಯೂ ಒಂದು ಪಾತ್ರ ವಹಿಸಿತು. ಇದನ್ನು ಕನ್ನಡದ ಓದುಗರಿಗೆ ಜಾಸ್ತಿ ವಿವರಿಸಬೇಕಿಲ್ಲ. ಪಶ್ಚಿಮ ಆಫ್ರಿಕಾದಿಂದ ಗುಲಾಮರಾಗಿ ಬಂದವರ ಜೊತೆ ಅವರ ದೇವರುಗಳೂ ಬ್ರೆಜಿಲ್‌ಗೆ ಬಂದವು. ಅದರಲ್ಲಿ ಓಮೊಲು ಎಂಬ ದೇವರು ಸಿಡುಬಿನ ಒಡೆಯ. ಸಿಡುಬು ತರುವವನೂ ಅವನೇ, ವಾಸಿ ಮಾಡುವವನೂ ಅವನೇ. ಮೈಮೇಲಿನ ಕಲೆ ಕಾಣದಂತೆ ತಲೆಯಿಂದ ಕಾಲಿನವರೆಗೆ ಹುಲ್ಲಿನ ಮುಸುಕು ಹಾಕಿಕೊಂಡಿರುತ್ತಾನೆ. ಅವನಿಗೆ ಜೋಳದ ಅರಳು ಎಡೆ. ನಮ್ಮ ಮಾರಮ್ಮನ ಹಾಗೆ ಅಂತ ನಿಮಗೆ ಅನ್ನಿಸಿರಬೇಕು, ಅದು ನಿಜ. ‘ಅಮ್ಮ ಬಂದಿದಾಳೆ’ ಅಂತ ಬೇವಿನ ಸೊಪ್ಪು ಕಟ್ಟಿ, ಮೊಸರನ್ನ ಎಡೆ ಇಟ್ಟು ಕಾಯ್ದವರ ಮನಸ್ಸು ರಿಯೊದ ಗುಡ್ಡಗಳ ಮೇಲಿನ ಕರಿಯ ಜನರಿಗೂ ಅರ್ಥವಾಗುತ್ತಿತ್ತು. ಇತಿಹಾಸಕಾರರಲ್ಲಿ ಕೆಲವರು ದಂಗೆಗೆ ಇದೇ ಬೇರು ಅನ್ನುತ್ತಾರೆ. ನನಗೆ ಅಷ್ಟು ಒಪ್ಪಿಗೆ ಇಲ್ಲ. ಹಾಗಿದ್ದಿದ್ದರೆ ಜುಲೈನ ಆ 23,000 ಜನ ಎಲ್ಲಿಂದ ಬಂದರು? ದೇವರಿಗೂ ಎಡೆ ಇಟ್ಟು, ಮಗುವಿನ ತೋಳಿಗೂ ದಾಕು ಹಾಕಿಸುವುದು ನಮ್ಮಲ್ಲೂ ಇತ್ತು, ಅಲ್ಲೂ ಇತ್ತು.

ರಾಜಕೀಯಕ್ಕೆ ಬರೋಣ. ಲಸಿಕೆ ವಿರೋಧಿಸಿದ ಎಲ್ಲರೂ ಬಡವರಲ್ಲ. ಪ್ರಸಿದ್ಧ ವಕೀಲ, ಸೆನೆಟರ್ ರೂಯಿ ಬಾರ್ಬೋಸಾ ವಿರೋಧಿಸಿದರು. ಪಾಸಿಟಿವಿಸ್ಟರು, ಅಂದರೆ ಫ್ರೆಂಚ್ ತತ್ವಜ್ಞಾನಿ ಅಗಸ್ಟ್ ಕಾಂಟ್‌ನ ಅನುಯಾಯಿಗಳು, ಮೈಯ ಮೇಲೆ ಸರ್ಕಾರಕ್ಕೆ ಹಕ್ಕಿಲ್ಲ ಅಂತ ವಾದ ಮಾಡಿದರು. ನವೆಂಬರ್ 5ರಂದು ಕಡ್ಡಾಯ ಲಸಿಕೆ ವಿರೋಧಿ ಸಂಘ ಹುಟ್ಟಿತು. ಅದರ ಮುಂದಾಳು ಲೌರೊ ಸೋಡ್ರೆ. ಸೇನಾಧಿಕಾರಿ, ಸೆನೆಟರ್, ಸರ್ಕಾರ ಉರುಳಿಸುವ ಆಸೆ ಇದ್ದವನು. ಅವನಿಗೆ ಬೇಕಿದ್ದದ್ದು ಸಿಟ್ಟಾದ ಜನ. ಸಿಟ್ಟಿಗೆ ಕಾರಣ ಯಾವುದಾದರೂ ನಡೆಯುತ್ತಿತ್ತು.

ನವೆಂಬರ್ 10ರಿಂದ ಚೌಕಗಳಲ್ಲಿ ಜನ ಸೇರಿ ಪೊಲೀಸರ ಜೊತೆ ತಳ್ಳಾಟ ಶುರುವಾಯಿತು. 13ನೇ ತಾರೀಕು, ಭಾನುವಾರ, ಊರು ಹೊತ್ತಿಕೊಂಡಿತು. ಟ್ರಾಮ್ ಉರುಳಿಸಿ ಬೆಂಕಿ ಇಟ್ಟರು. ಬೀದಿಯ ಗ್ಯಾಸ್ ದೀಪ ಒಡೆದರು, ರಾತ್ರಿ ಊರೆಲ್ಲ ಕತ್ತಲು. ಹೊಸ ರಸ್ತೆಗೆ ತಂದಿದ್ದ ಕಲ್ಲು, ಹಲಗೆಗಳೇ ಅಡ್ಡಗಟ್ಟೆಗೆ ಒದಗಿದವು. ಬಂದರಿನ ಪಕ್ಕದ ಸಾವುದೆ ಬಡಾವಣೆಯಲ್ಲಿ ಹಡಗುಕಟ್ಟೆಯ ಕೂಲಿಗಳು ಗಟ್ಟಿಯಾಗಿ ನಿಂತರು. ಅವರ ಕೋಟೆಗೆ ‘ಪೋರ್ಟ್ ಆರ್ಥರ್’ ಅಂತ ಹೆಸರು ಬಿತ್ತು. ಆಗ ರಷ್ಯಾ ಜಪಾನ್ ಯುದ್ಧದಲ್ಲಿ ಆ ಹೆಸರಿನ ಕೋಟೆಯ ಮುತ್ತಿಗೆ ದಿನವೂ ಪತ್ರಿಕೆಯಲ್ಲಿ ಬರುತ್ತಿತ್ತು. ಅಲ್ಲಿನ ನಾಯಕ ಪ್ರಾತಾ ಪ್ರೇತಾ ಅಂತ ಕರೆಸಿಕೊಳ್ಳುತ್ತಿದ್ದ ಕಪೊಯೆರಾ ಎಂಬ ಬ್ರೆಜಿಲ್‌ನ ಕಾಳಗ ಕಲೆಯ ಪಟು. ಕೊನೆಗೆ ಸೈನ್ಯ ಒಳಗೆ ಹೊಕ್ಕು ನೋಡಿದರೆ, ಊರನ್ನೆಲ್ಲ ಹೆದರಿಸಿದ್ದ ಫಿರಂಗಿ ಬೀದಿ ದೀಪದ ಕಂಬ! ಗಾಡಿಯ ಚಕ್ರದ ಮೇಲೆ ಕೂರಿಸಿದ್ದರು.

14ರ ರಾತ್ರಿ ಸೋಡ್ರೆಯ ಆಟ ನಡೆಯಿತು. ಸೈನಿಕ ಶಾಲೆಯ ಹುಡುಗರು ಬಂದೂಕು ಹಿಡಿದು ಅಧ್ಯಕ್ಷರ ಅರಮನೆ ಕಡೆ ಹೊರಟರು. ಬೊಟಾಫೊಗೊ ಬಡಾವಣೆಯ ಒಂದು ಬೀದಿಯಲ್ಲಿ, ದೀಪ ಇಲ್ಲದ ಕತ್ತಲಲ್ಲಿ, ಸರ್ಕಾರದ ಪಡೆ ಎದುರಾಯಿತು. ಗುಂಡು ಹಾರಿದವು, ಎರಡೂ ಕಡೆಯವರು ಚೆದುರಿ ಓಡಿದರು. ಮುಂದಾಳಾಗಿದ್ದ ಜನರಲ್ ಟ್ರವಾಸೊಸ್ ಗಾಯಗೊಂಡು ಆಮೇಲೆ ಸತ್ತ. ಸೋಡ್ರೆಗೂ ಪೆಟ್ಟಾಯಿತು. 16ರಂದು ಸರ್ಕಾರ ತುರ್ತು ಸ್ಥಿತಿ ಘೋಷಿಸಿತು. ಜೊತೆಗೆ ಕಡ್ಡಾಯವನ್ನೂ ಕೈಬಿಟ್ಟಿತು.

ಲೆಕ್ಕ ಹೀಗಿದೆ: 30 ಜನ ಸತ್ತರು, 110 ಜನಕ್ಕೆ ಗಾಯ, 945 ಜನ ಬಂಧನ. ಅವರಲ್ಲಿ 461 ಜನರನ್ನು ವಿಚಾರಣೆ ಇಲ್ಲದೆ ಹಡಗಿಗೆ ತುಂಬಿ ಅಮೆಜಾನ್ ಕಾಡಿನ ಆಚೆ ತುದಿಯ ಆಕ್ರೆಗೆ ಸಾಗಿಸಿದರು. ಇವರೆಲ್ಲ ದಂಗೆಕೋರರೂ ಅಲ್ಲ. ಬೀದಿ ಸ್ವಚ್ಛ ಮಾಡುವ ನೆಪ ಸಿಕ್ಕಿತ್ತು, ಪೊಲೀಸರು ತಮಗೆ ಬೇಡದವರನ್ನೆಲ್ಲ ಸೇರಿಸಿದರು. ಸೋಡ್ರೆ ಮತ್ತು ಸಂಗಡಿಗರಿಗೆ ಮರುವರ್ಷ ಕ್ಷಮಾದಾನ ಸಿಕ್ಕಿತು. ಆಮೇಲೆ ಆತ ಪಾರಾ ರಾಜ್ಯದ ಗವರ್ನರ್ ಕೂಡ ಆದ. ಈ ಕತೆಯಲ್ಲಿ ನನಗೆ ಅತಿ ಸಿಟ್ಟು ಬರಿಸುವ ಸಂಗತಿ ಇದು. ಕ್ರೂಜ್ ಮೇಲಿನ ಕೋಪ ಇದರ ಮುಂದೆ ಏನೂ ಅಲ್ಲ.

ಈಗ 1908. ಕಡ್ಡಾಯ ಬಿಟ್ಟ ಮೇಲೆ ಒಂದಷ್ಟು ವರ್ಷ ಸಿಡುಬು ತಾನಾಗಿಯೇ ತಗ್ಗಿತು. ಮೇಲೆ ಹೇಳಿದ್ದು ನೆನಪಿದೆಯಲ್ಲ? 1904ರಲ್ಲಿ ರೋಗ ಬಂದು ಉಳಿದವರಿಗೆ ಮತ್ತೆ ಬರಲಾರದು. ವೈರಸ್‌ಗೆ ಹೊಸ ಜನ ಸಿಗುವುದು ಕಷ್ಟವಾಯಿತು. ಇದನ್ನು ನೋಡಿ ಲಸಿಕೆ ಇಲ್ಲದೆಯೂ ನಡೆಯುತ್ತದೆ ಅಂತ ಅನೇಕರಿಗೆ ಅನ್ನಿಸಿರಬಹುದು. ಆದರೆ ಊರು ಬೆಳೆಯುತ್ತಲೇ ಇತ್ತು. ದಿನವೂ ಮಕ್ಕಳು ಹುಟ್ಟುತ್ತಿದ್ದರು, ಹಳ್ಳಿಯಿಂದ ಹಡಗಿನಿಂದ ಜನ ಬರುತ್ತಿದ್ದರು. ಲಸಿಕೆ ಹಾಕಿಸಿಕೊಂಡವರಲ್ಲೂ ಅದರ ಬಲ ಐದು ಹತ್ತು ವರ್ಷಕ್ಕೆ ಕುಗ್ಗುತ್ತದೆ, ಮತ್ತೆ ಹಾಕಿಸಬೇಕು. ನಾಲ್ಕು ವರ್ಷದಲ್ಲಿ ರೋಗ ತಗುಲಬಲ್ಲವರ ರಾಶಿ ಮತ್ತೆ ಬೆಳೆದಿತ್ತು. 1908ರಲ್ಲಿ ಆರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಎಂಟು ಲಕ್ಷದ ಊರಲ್ಲಿ ಅಂದರೆ ಸುಮಾರು ನೂರಮೂವತ್ತು ಜನಕ್ಕೆ ಒಬ್ಬರು. ಓಣಿ ಓಣಿಯಲ್ಲಿ ಸಾವು. ಆಗ ಜನ ಲಸಿಕೆ ಕೇಂದ್ರಗಳಿಗೆ ಓಡಿದರು.

ಅವರು ಓಡಿ ಬಂದದ್ದಕ್ಕೆ ಸಾವಿನ ಭಯ ಮುಖ್ಯ ಕಾರಣ, ಅದನ್ನು ಅಲ್ಲಗಳೆಯುವಂತಿಲ್ಲ. ಜೊತೆಗೆ ಇನ್ನೊಂದು ಇತ್ತು. ಈ ಸಲ ಜನ ಲಸಿಕೆ ಇದ್ದಲ್ಲಿಗೆ ತಾವೇ ನಡೆದು ಹೋದರು. ಲಸಿಕೆ ಪೊಲೀಸರನ್ನು ಕರೆದುಕೊಂಡು ಮನೆಗೆ ಬರಲಿಲ್ಲ. ಕ್ರೂಜ್ ಹೆಸರೂ ಅಷ್ಟರಲ್ಲಿ ಬದಲಾಗಿತ್ತು. ಹಳದಿ ಜ್ವರ ಹಿಮ್ಮೆಟ್ಟಿದ್ದನ್ನು ಊರು ಕಣ್ಣಾರೆ ಕಂಡಿತ್ತು. 1907ರಲ್ಲಿ ಬರ್ಲಿನ್‌ನ ಅಂತರರಾಷ್ಟ್ರೀಯ ಆರೋಗ್ಯ ಸಮ್ಮೇಳನದಲ್ಲಿ ಚಿನ್ನದ ಪದಕ ಬಂದಿತ್ತು. ವ್ಯಂಗ್ಯಚಿತ್ರದಲ್ಲಿ ಗೇಲಿ ಮಾಡುತ್ತಿದ್ದ ಪತ್ರಿಕೆಗಳೇ ಹೊಗಳತೊಡಗಿದ್ದವು.

‘ಸರ್ಕಾರದ್ದೇ ತಪ್ಪಾ’ ಅಂದಿರಿ. ಕಡ್ಡಾಯ ಮಾಡಿದ್ದೇ ತಪ್ಪು ಅಂತ ನಾನು ಹೇಳಲಾರೆ. 1908ರಲ್ಲಿ ಸತ್ತವರಲ್ಲಿ ಬಹುಪಾಲು ಜನರನ್ನು ಲಸಿಕೆ ಉಳಿಸಬಹುದಿತ್ತು. ಜನ ತಾವಾಗಿ ಬರಲಿ ಅಂತ ಸುಮ್ನೆ ಕೂತಿದ್ದರೆ ರೋಗ ಕಡಿಮೆಯಾದ ವರ್ಷ ಯಾರೂ ಬರುವುದಿಲ್ಲ, ಜೋರಾದ ವರ್ಷ ಬಂದವರಿಗೆ ತಡವಾಗಿರುತ್ತದೆ. ಸೋಂಕು ತಗುಲಿದ ಮೂರು ನಾಲ್ಕು ದಿನದೊಳಗೆ ಹಾಕಿಸಿದರೆ ಮಾತ್ರ ಲಸಿಕೆ ಆ ಸಲದ ರೋಗವನ್ನು ತಡೆಯಬಲ್ಲದು. ಕ್ರೂಜ್ ಮಾಡಿದ ತಪ್ಪು ಬೇರೆ. ಜುಲೈನಲ್ಲಿ ಜನ ಬರುತ್ತಿದ್ದಾಗ ಆ ದಾರಿಯನ್ನೇ ಅಗಲ ಮಾಡಬಹುದಿತ್ತು. ಸಂಜೆ ಹೊತ್ತು ಕೇಂದ್ರ ತೆರೆದಿಡುವುದು, ಹೆಂಗಸರಿಗೆ ಹೆಂಗಸರನ್ನೇ ಇಡುವುದು, ಜ್ವರ ಬಂದು ಕೆಲಸ ತಪ್ಪಿದ ದಿನಕ್ಕೆ ಕೂಲಿ ಕೊಡುವುದು. ಇವೇನೂ ಆ ಕಾಲಕ್ಕೆ ಮೀರಿದ ಯೋಚನೆ ಅಲ್ಲ. ಅದನ್ನು ಬಿಟ್ಟು, ಮನೆ ಕೆಡವುವ ಇಲಾಖೆಯ ಕೈಯಲ್ಲೇ ಹೊಟ್ಟೆಪಾಡಿನ ಪರವಾನಗಿಯನ್ನೂ ಕೊಟ್ಟರು.

ಬ್ರೆಜಿಲ್‌ನಲ್ಲಿ ಸಿಡುಬು ಪೂರ್ತಿ ಹೋಗಲು ಇನ್ನೂ ಅರವತ್ತು ವರ್ಷ ಹಿಡಿಯಿತು. 1966ರಿಂದ ಸಂತೆ, ಬೀದಿ, ಹೊಲಗಳಲ್ಲಿ ನಿಂತು, ಸೂಜಿ ಇಲ್ಲದ ಒತ್ತಡದ ಯಂತ್ರದಿಂದ ಕೋಟಿಗಟ್ಟಲೆ ಜನಕ್ಕೆ ಲಸಿಕೆ ಹಾಕಿದರು. ದೇಶದ ಕೊನೆಯ ರೋಗಿ ಸಿಕ್ಕಿದ್ದು 1971ರ ಏಪ್ರಿಲ್‌ನಲ್ಲಿ, ಅದೂ ರಿಯೊದಲ್ಲೇ.

ಇನ್ನು ಅಜ್ಜಿಯ ತೋಳಿನ ಕಲೆ. ಅವರು ಹೇಳಿದ್ದು ಸರಿ, ಅದು ಸಿಡುಬಿನ ದಾಕು. ಬೆಳಗಾವಿ, ಧಾರವಾಡ ಕಡೆ ಇದನ್ನೇ ದೇವಿ ಹಾಕಿಸೋದು ಅಂತಾರೆ. ರಿಯೊದಲ್ಲಿ ಹಾಕಿದ್ದೂ ಇದೇ ಬಗೆಯ ಲಸಿಕೆ. ಪ್ರಾಣಿಯ ಚರ್ಮದ ಮೇಲೆ ಬೆಳೆಸಿ, ಮನುಷ್ಯನ ಚರ್ಮ ಗೀರಿ ಹಾಕುವಂಥದ್ದು. ಬೆಳಗಾವಿಯ ಟಿಳಕವಾಡಿಯಲ್ಲಿ ವ್ಯಾಕ್ಸಿನ್ ಡಿಪೋ ಅಂತ ಮೈದಾನ ಇದೆಯಲ್ಲ, ಹಿಂದೆ ಮುಂಬಯಿ ಪ್ರಾಂತ್ಯಕ್ಕೆ ಬೇಕಾದ ಸಿಡುಬಿನ ಲಸಿಕೆ ತಯಾರಾಗುತ್ತಿದ್ದದ್ದು ಅಲ್ಲೇ. ನಮ್ಮಲ್ಲಿ ತುಂಬಾ ವರ್ಷ ಬಳಸಿದ್ದು ಚರ್ಮದ ಮೇಲೆ ಒತ್ತಿ ತಿರುಗಿಸುವ ಹಲ್ಲಿನ ಬಿಲ್ಲೆ. ಅಜ್ಜಿಯರಿಗೆ ಅಷ್ಟು ದೊಡ್ಡ ಕಲೆ ಉಳಿದದ್ದು ಅದರಿಂದ. ಹಲವರಿಗೆ ಎರಡು ಮೂರು ಕಡೆ ಇರುತ್ತದೆ.

ನಿಮ್ಮ ಕಲೆ ಬೇರೆ ಇರಬೇಕು. ಭಾರತ ಸಿಡುಬು ಮುಕ್ತ ಅಂತ ತಜ್ಞರ ಆಯೋಗ 1977ರಲ್ಲಿ ಒಪ್ಪಿತು, ಜಗತ್ತಿನ ಘೋಷಣೆ 1980ರ ಮೇ 8ರಂದು ಬಂತು. ಅದಾದ ಮೇಲೆ ಹುಟ್ಟಿದ ಮಕ್ಕಳಿಗೆ ಈ ಲಸಿಕೆ ಹಾಕಿಲ್ಲ. ನೀವು 1980ರ ನಂತರ ಹುಟ್ಟಿದವರಾದರೆ, ಎಡ ತೋಳಿನ ಮೇಲ್ಭಾಗದಲ್ಲಿ ಕೆಲವೇ ಮಿಲಿಮೀಟರ್ ಅಗಲದ ಗುಂಡಿ ಅಥವಾ ಗಂಟಿನಂಥ ಕಲೆ ಇದ್ದರೆ, ಅದು ಕ್ಷಯ ಬಾರದಂತೆ ಹಾಕುವ ಬಿಸಿಜಿ ಲಸಿಕೆಯದು. ಅಜ್ಜಿಯ ಕಲೆ ಅಗಲವಾಗಿ, ಚಪ್ಪಟೆಯಾಗಿ, ಒಳಗೆ ಸಣ್ಣ ಸಣ್ಣ ಕುಳಿಗಳಿಂದ ಕೂಡಿರುತ್ತದೆ. ಪಕ್ಕಪಕ್ಕ ಇಟ್ಟು ನೋಡಿದರೆ ನಿಮಗೇ ಗೊತ್ತಾಗುತ್ತದೆ.